ಮೊರದ ತುಂಬ ಕಳೆ

ಉತ್ತರೆ ಮಳೆ ಬಿಟ್ಟ ಬೆಳಗ್ಗೆ
ದೇವನಹಳ್ಳಿಯ ಚಕ್ಕೋತ ತೋಟದಲ್ಲಿ
ಪಿಳ್ಳಕ್ಕನ ಕೈಗೆ ಕುಡುಗೋಲಿನ ಬದಲು ಮೊರ ಕೊಟ್ಟೆ.
ತುಂಬೆ, ಹುಚ್ಚೆಳ್ಳು, ಗಿಜಿಗಿಜಿಕಾಯಿ, ಕಾಡುತುಳಸಿ.
ಮರದ ಸಾಲಿನ ನಡುವೆ ಎರಚು ಅಂದೆ.

ಮೊರ ನೋಡಿದಳು. ನನ್ನನ್ನು ನೋಡಿದಳು.
"ಇಪ್ಪತ್ತು ವರ್ಷ ಇದನ್ನ ಕೀಳೋಕೆ ಕೂಲಿ.
ಈಗ ಬಿತ್ತೋಕೂ ಕೂಲಿನಾ?"

ಏನು ಹೇಳಲಿ.
ಕಳೆದ ಸಲ ಮರಗಳು ಹೂ ಬಿಟ್ಟು
ಇರುಳೆಲ್ಲ ಕಂಪು ಚೆಲ್ಲಿ ಕಾದವು.
ಗುಂಯ್‌ಗುಟ್ಟಿದ್ದು ವಿಮಾನಗಳು ಮಾತ್ರ.
ಬೇಲಿಯಾಚೆಯ ಹುಣಸೆ ಉರುಳಿ ಸೈಟಿನ ಕಲ್ಲು ನೆಟ್ಟ ಮೇಲೆ
ಹೆಜ್ಜೇನು ಈ ಕಡೆ ತಲೆ ಹಾಕಿಲ್ಲ.
ಮಗಳ ಬಣ್ಣದ ಕುಂಚ ಹಿಡಿದು, ಏಣಿ ಹತ್ತಿ,
ಮರದಿಂದ ಮರಕ್ಕೆ ನಾನೇ ದುಂಬಿಯಾದೆ.
ನಾಲ್ಕು ದಿನಕ್ಕೆ ಹದಿನೇಳು ಕಾಯಿ,
ಹಿಡಿದುಕೊಂಡ ಸೊಂಟ.

ಹೇಳಲಿಲ್ಲ ಇದನ್ನೆಲ್ಲ.
ಅವಳಾಗಲೇ ಸೆರಗು ಸಿಕ್ಕಿಸಿ
ಎರಚುತ್ತಿದ್ದಳು, ಕೋಳಿಗೆ ಕಾಳು ಹಾಕುವವಳ ಹಾಗೆ.

ಪಂಪಿನ ಮನೆ ಹಿಂದೆ ಮಾತ್ರ ಮೊರ ಇಳಿಸಿದಳು:
"ಇಲ್ಲಿ ಬ್ಯಾಡ. ಇಲ್ಲೈತೆ."

ಚಾಪೆಯಗಲ ನೆಲ.
ಶಿವರಾತ್ರಿಗೆ ಬೇಕು, ಕೂಸಿನ ನೆಗಡಿಗೆ ಬೇಕು ಅಂತ
ನನ್ನ ಕಣ್ಣು ತಪ್ಪಿಸಿ ಉಳಿಸಿದ ತುಂಬೆ.
ಬಿಳಿ ಹೂವೊಳಗೆ ತಲೆ ತೂರಿಸಿ
ಎಳ್ಳಿಗಿಂತ ಚೂರು ದೊಡ್ಡ ನಸರಿ ಜೇನು.
ಕುಕ್ಕರಗಾಲಲ್ಲಿ ಕೂತು ಎಣಿಸಿದೆ. ಒಂಬತ್ತು.
ಮತ್ತೆ ಎಣಿಸಿದೆ.

ಪಿಳ್ಳಕ್ಕ ಪಕ್ಕದಲ್ಲೇ ನಿಂತಿದ್ದಳು, ಮೊರ ಸೊಂಟಕ್ಕಿಟ್ಟು.
"ಇದನ್ನ ಕೀಳದೆ ಬಿಟ್ಟಿದ್ದಕ್ಕೆ
ಎಷ್ಟು ಕೂಲಿ ಮುರ್ಕೊಂತೀರ, ಹೇಳಿ."