ಎರಡಡಿ

ಸಂತೆಪೇಟೆಯಲ್ಲಿ ಮಡಚುಕುರ್ಚಿ ಬಿಚ್ಚಿ ಕೂತ
ಐದೇ ನಿಮಿಷಕ್ಕೆ
ಖಲಂದರ್ ಸಾಬರು ಗೋಣಿಚೀಲದ ಅಟ್ಟಿಯನ್ನು
ಒಳಗೆ ಎಳೆದುಕೊಂಡರು.
ಎದುರಿನ ಬಳೆಯಂಗಡಿ ತನ್ನ ಸ್ಟೂಲು, ಬೋರ್ಡು,
ಕೈಯಿಲ್ಲದ ಒಂದು ಬೊಂಬೆಯನ್ನು ಎತ್ತಿಟ್ಟಿತು.
ತಗಡಿನ ಮಾಡು ಮಾತ್ರ ಎಲ್ಲೂ ಹೋಗಲಾರದೆ
ಬೀದಿಗೆ ಚಾಚಿಕೊಂಡೇ ನಿಂತಿತ್ತು,
ಬೈಸಿಕೊಳ್ಳಲು ಕಾದ ಹುಡುಗನ ಹಾಗೆ.

"ಸರ್ವೇನಾ ಅಮ್ಮ? ರಸ್ತೆ ಅಗಲ ಮಾಡ್ತಾರಾ?"
ಅಲ್ಲಪ್ಪ, ಸುಮ್ನೆ ಚಿತ್ರ.
"ಇದನ್ನ ಯಾರು ಸುಮ್ನೆ ಬರೀತಾರೆ?
ಅರಮನೆ ಅಲ್ಲಿದೆಯಲ್ಲ, ನಡೆದರೆ ಹತ್ತು ನಿಮಿಷ."

ಸುಮ್ಮನೆ ಎಂಬ ಮಾತನ್ನು ನಂಬಿಸುವುದು ಕಷ್ಟ.
ಮೂವತ್ತೊಂದು ವರ್ಷ ನಾನೂ ನಂಬಿರಲಿಲ್ಲ.

ಕಾರ್ಪೊರೇಷನ್ ಆಫೀಸು, ಮಹಡಿ ಮೇಲೆ, ಕಿಟಕಿ ಪಕ್ಕ;
ಟ್ರೇಸಿಂಗ್ ಬಟ್ಟೆಗೆ ಪೌಡರು ತಟ್ಟಿ
ಟೀ-ಸ್ಕ್ವೇರಿಗೆ ಎದೆಯಾನಿಸಿ
ಉಸಿರು ಹಿಡಿದು ಎಳೆದ ಗೆರೆಗಳು.
ತಪ್ಪಿದರೆ ಬ್ಲೇಡಿನಲ್ಲಿ ಕೆರೆಯಬೇಕು,
ಕೆರೆದದ್ದು ಕಾಣಬಾರದು.
"ಕೈ ನಡುಗಿದರೆ ಗೋಡೆ ನಡುಗಿದ ಹಾಗಮ್ಮ"
ಎನ್ನುತ್ತಿದ್ದರು ವರದಾಚಾರ್ ಸಾಹೇಬರು.
ನಡುಗಲಿಲ್ಲ.

ಎಂಬತ್ತೊಂಬತ್ತರಲ್ಲಿ ಈ ಬೀದಿಯೇ ನನ್ನ ಮೇಜಿಗೆ ಬಂತು
ಇಂಚಿಗೆ ಇಪ್ಪತ್ತಡಿಯ ಲೆಕ್ಕದಲ್ಲಿ.
ಮನೆಯೆಂದರೆ ಚೌಕ, ಚೌಕದೊಳಗೊಂದು ನಂಬರು.
ಕೆಂಪು ಶಾಯಿ ತುಂಬಿ
ಆ ತುದಿಯಿಂದ ಈ ತುದಿಗೆ ಒಂದೇ ಎಳೆತ—
ನಿಜಕ್ಕೂ ಚಂದ ಬಂದಿತ್ತು, ಸಾಹೇಬರೂ ಹೊಗಳಿದರು—
ಹದಿನೇಳು ಜಗಲಿಗಳ ಮೇಲೆ ಹಾದುಹೋಗಿತ್ತು,
ಎರಡೆರಡಡಿ.
ಅಮೋನಿಯಾ ಘಾಟಿನಲ್ಲಿ ಪ್ರತಿಗಳು ಹೊರಬಿದ್ದವು.
ನಾನು ಡಬ್ಬಿ ತೆರೆದೆ. ಅವತ್ತು ಅವರೆಕಾಳು ಉಪ್ಪಿಟ್ಟು.

ಈಗ ಅಳತೆಪಟ್ಟಿ ಇಲ್ಲ.
ಒಂದು ಹೀರೋ ಪೆನ್ನು, ನೀರಿಗೆ ಕರಗದ ಕಪ್ಪು,
ಹನ್ನೆರಡು ಬಿಲ್ಲೆಯ ಬಣ್ಣದ ಡಬ್ಬಿ,
ಅದರಲ್ಲಿ ಬಿಳಿ ಮುಟ್ಟಿಯೇ ಇಲ್ಲ.
ಅರವತ್ತಾರರ ಕೈ ತಾನಾಗಿ ನಡುಗುತ್ತದೆ.
ಮಂಗಳೂರು ಹಂಚಿನ ಸಾಲಿಗೆ ಅದೇ ಸರಿ,
ಕರೆಂಟಿನ ತಂತಿಗೂ ಅದೇ ಸರಿ;
ಈ ಬೀದಿಯಲ್ಲಿ ನೆಟ್ಟಗಿರುವುದು
ಮೊಬೈಲ್ ಕಂಪನಿಯ ಕಂಬ ಒಂದೇ,
ಅದನ್ನು ಬಿಟ್ಟುಬಿಟ್ಟೆ.

ಸ್ಕೂಟರೊಂದು ಹಿಂದಕ್ಕೆ ಸರಿದು ನೀರಿನ ಲೋಟ ಉರುಳಿತು.
ಟೀ ಅಂಗಡಿಯ ಮಾದೇಶ ಇನ್ನೊಂದು ತಂದಿಟ್ಟ,
ತೊಳೆಯದ ಗ್ಲಾಸು, ತಳದಲ್ಲಿ ಚಹಾದ ಗಸಿ.
ಗೊತ್ತಾಗದೆ ಕುಂಚ ಅದ್ದಿದೆ, ಗೋಡೆಗೆ ಹಚ್ಚಿದೆ.
ಮಳೆ ಇಳಿದು ಇಳಿದು ಕಂದಿದ ಸುಣ್ಣಕ್ಕೆ
ಅರ್ಧ ಗಂಟೆಯಿಂದ ನಾನು
ತಟ್ಟೆಯಲ್ಲಿ ಕಲಸಿ ಕಲಸಿ ಸೋತ ಬಣ್ಣ
ಮೂರನೆಯ ಮನೆಯ ಮೇಲೆ ತನ್ನಷ್ಟಕ್ಕೆ ಹರಡಿಕೊಂಡಿತು.

ಆ ಮನೆಯ ಮುಂದೆ ಕಲ್ಲಿನ ಮೆಟ್ಟಿಲು.
ಅದರಲ್ಲಿ ಕೆತ್ತಿದ ತಾವರೆ, ಅರ್ಧ.
ಉಳಿದ ಎಸಳು ಯಾವ ಮಣ್ಣಿನ ಲಾರಿಯಲ್ಲಿ ಹೋಯಿತೋ.
ಅರ್ಧ ತಾವರೆಯ ಮೇಲೆ ಕೆಂಪಾಜಮ್ಮ,
ಒದ್ದೆ ಗೋಣಿಯಡಿ ಚಿಗುರೆಲೆಯ ಕಟ್ಟು,
ಅವಳ ಎರಡು ಅಡಿಯೂ ಬೀದಿಯಲ್ಲಿ;
ಆಟೋ ಬಂದಾಗೆಲ್ಲ ಒಳಗೆಳೆದುಕೊಳ್ಳುತ್ತಾಳೆ,
ಮತ್ತೆ ಚಾಚುತ್ತಾಳೆ.
ಅವು ಯಾವಾಗ ಎಲ್ಲಿರುತ್ತವೆಂದು ಕಾದು
ನಾಲ್ಕು ಸಲ ಬರೆದೆ.

ಎದ್ದು ಬಂದು, ಕಣ್ಣು ಕಿರಿದು ಮಾಡಿ ನೋಡಿದಳು.
"ನಾನು ಇಷ್ಟು ದಪ್ಪನಾ? ಇರ‍್ಲಿ ಬುಡು.
ಇಲ್ಲೊಂದು ಮೆಟ್ಲಿತ್ತು ಕನವ್ವ, ಪೂರ್ತಿ ಹೂವಿತ್ತು.
ನಾನು ಮದ್ವೆಯಾಗಿ ಬಂದಾಗ ಅದ್ರ ಮ್ಯಾಲೇ ಸೇರೊದ್ದಿದ್ದು.
ಯಾರೋ ಕಾರ್ಪೊರೇಸನ್ನೋರು ತೆಗ್ದಾಕ್ಬುಟ್ರು.
ಅದ್ನೂ ಬರ‍್ದಾಕು."

ಯಾರೋ, ಅಂದಳು.
ನಾನು ಕುಂಚವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ.

ಪೆನ್ನು ಎತ್ತಲು ಆಗಲಿಲ್ಲ.
ಗೆರೆಯಿಲ್ಲದೆ, ಬರೀ ನೀರಿನಲ್ಲಿ,
ಅವಳು ಬೆರಳು ತೋರಿದಲ್ಲಿಗೆ
ತೆಳು ಬೂದಿಯಲ್ಲೊಂದು ಮೆಟ್ಟಿಲು,
ಅವಳು ಎಣಿಸಿ ಹೇಳಿದಷ್ಟು ಎಸಳು.
ಕೆಲವು ಬೀದಿಯೊಳಕ್ಕೆ ಹರಿದುಹೋದವು. ತಡೆಯಲಿಲ್ಲ.

ಹಾಳೆ ಒಣಗುವಷ್ಟರಲ್ಲಿ ಖಲಂದರ್ ಸಾಬರು
ಚೀಲಗಳನ್ನು ಒಂದೊಂದಾಗಿ ಹೊರಗೆ ತಂದು ಒಟ್ಟಿದರು,
ಮೊದಲಿಗಿಂತ ತುಸು ಮುಂದಕ್ಕೇ.