ಅಗುಳಿ

ಎರಡೂಕಾಲಿಗೆ ಗಾಳಿ ಗೇಟನ್ನು ಎತ್ತಿ ಬಡಿಯಿತು.
ಪುಂತಾ ಅರೆನಾಸ್‌ನಲ್ಲಿ ಗಾಳಿಯ ಮೇಲೆ ಯಾರೂ ದೂರು ಹೇಳುವುದಿಲ್ಲ;
ಜೋರಾದ ದಿನ ಚೌಕದ ಬದಿಗೆ ಹಗ್ಗ ಕಟ್ಟುತ್ತಾರೆ,
ಹಿಡಿದುಕೊಂಡು ರಸ್ತೆ ದಾಟುತ್ತೇವೆ, ಅಷ್ಟೆ.
ಆದರೆ ಗೇಟು ನನ್ನದು. ಅಗುಳಿ ಸಡಿಲವಾಗಿದ್ದು ನನಗೆ ಗೊತ್ತಿತ್ತು.
ಹಣೆ ಮಾತ್ರ ಎರ್ಸಿಲಿಯಾಳ ಮಗನದು.

ಎಡಗಣ್ಣಿನ ಮೇಲೆ, ಹುಬ್ಬಿನ ತುದಿಗೆ.
ಕಣ್ಣಿಗೆ ಬಂದದ್ದು ಹುಬ್ಬಿಗೆ ಹೋಯಿತು ಎಂದುಕೊಂಡೆ.
ರಕ್ತ ಒಂದು ಎಳೆ. ಅಳು ಎರಡು ನಿಮಿಷ.
ಆಮೇಲೆ ಬುಗುಟು,
ನೋಡನೋಡುತ್ತ ಉಬ್ಬಿಬಂದು
ತಾನೇ ಒಂದು ಸುದ್ದಿಯಂತೆ ಕೂತಿತು.

ಫ್ರಿಜ್ಜಿನಲ್ಲಿ ಮಂಜುಗಡ್ಡೆ ಇರಲಿಲ್ಲ, ಬಟಾಣಿಯ ಪೊಟ್ಟಣ ಇತ್ತು.
ಟವೆಲಿನಲ್ಲಿ ಸುತ್ತಿ ಒತ್ತಿದೆ.
"ಎಲಿಸೆಯೋ, ಇದು ಎಷ್ಟು ಬೆರಳು?"
"ಮೂರು. ಒಂದಕ್ಕೆ ಉಂಗುರ ಇದೆ."
ಇವತ್ತು ಯಾವ ವಾರ ಅಂದೆ.
ಅವನು ವಿಂಕೋನ ಕಡೆ ತಿರುಗಿ
"ನಿಮ್ಮಮ್ಮನಿಗೆ ವಾರವೂ ಗೊತ್ತಿಲ್ವಾ?" ಅಂದ.

ನಗು ಬಂತು. ಬಂದದ್ದೇ ತಪ್ಪಾಯಿತು:
ನಕ್ಕ ಮೇಲೆ ಇದು ಫೋನು ಮಾಡುವಂಥದ್ದಲ್ಲ ಅನ್ನಿಸಿಬಿಟ್ಟಿತು.

ಅವಳು ಮಲಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿ, ರಾತ್ರಿಪಾಳಿ.
ಹನ್ನೊಂದಕ್ಕೆ ಮಗನನ್ನು ಇಲ್ಲಿ ಬಿಟ್ಟು
"ಐದರವರೆಗೆ ನಾನು ಸತ್ತಂತೆ" ಅಂದು ಹೋದವಳು.
ಎಂಥ ಗಾಯಕ್ಕೆ ಎಬ್ಬಿಸಬೇಕು?
ಹೊಲಿಗೆ ಬೀಳುವಂತಿದ್ದರೆ, ಸರಿ. ಮೂಳೆಯಾದರೆ ಕೇಳುವುದೇ ಬೇಡ.
ವಾಂತಿಯಾದರೆ, ತೂಕಡಿಸಿದರೆ.
ತರಚಿದ ಮೊಣಕಾಲಿಗೆ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.
ಮೊಣಕಾಲಿಗೂ ಮೂಳೆಗೂ ನಡುವೆ
ಒಂದು ಬಟಾಣಿ ಪೊಟ್ಟಣದಗಲ ಜಾಗ,
ಅಲ್ಲಿ ನಾನು ಫೋನು ಹಿಡಿದು ನಿಂತಿದ್ದೆ.

"ಅಮ್ಮನಿಗೆ ಹೇಳಬೇಡಿ, ನಿದ್ದೆ ಮಾಡ್ತಿದ್ದಾಳೆ" ಅಂದ,
ಎಂಟು ವರ್ಷಕ್ಕೇ ಮನೆಯೊಳಗೆ
ತುದಿಗಾಲಲ್ಲಿ ನಡೆದು ರೂಢಿಯಾದ ದನಿಯಲ್ಲಿ.

ಬರೆದೆ: ಏನೂ ಆಗಿಲ್ಲ, ಆದರೆ.
ಅಳಿಸಿದೆ. ಏನೂ ಆಗಿಲ್ಲ ಎಂದರೆ ಏನೋ ಆಗಿದೆ ಎಂದೇ ಅರ್ಥ.
ಬರೆದೆ: ಚಿಕ್ಕದೊಂದು.
ಅಳಿಸಿದೆ. ಚಿಕ್ಕದೋ ದೊಡ್ಡದೋ ಹೇಳಲು ನಾನು ಯಾರು,
ಆ ಹಣೆ ನಾನು ಹೆತ್ತದ್ದಲ್ಲ.
ಬರೆದೆ: ಗಾಳಿ ಜೋರಾಗಿತ್ತು. ಅದನ್ನಂತೂ ನಾಚಿ ಅಳಿಸಿದೆ.

ಹೋದ ಚಳಿಗಾಲ ವಿಂಕೋಗೆ ಸ್ನಾನ ಮಾಡಿಸುವಾಗ
ಕೂದಲೊಳಗೆ ಒಣಗಿದ ರಕ್ತ ಬೆರಳಿಗೆ ಸಿಕ್ಕಿತ್ತು.
ಯಾರದೋ ಮನೆ, ಯಾರದೋ ಮೆಟ್ಟಿಲು; ಯಾರೂ ಹೇಳಿರಲಿಲ್ಲ.
ಗಾಯ ಆರಿತು. ಆರದೇ ಉಳಿದದ್ದು ಆ ಮಧ್ಯಾಹ್ನ:
ನಾನು ಕಾಲು ಚಾಚಿ ಕೂತು, ಉಗುರಿಗೆ ಬಣ್ಣ ಹಚ್ಚುತ್ತ
ರೇಡಿಯೋ ಜೊತೆ ಹಾಡಿದ್ದೆ.
ನನ್ನ ಪಾಲಿನ ಆತಂಕವನ್ನು
ಬೇರೆ ಯಾರೋ, ನನ್ನನ್ನು ಕೇಳದೆ, ಖರ್ಚು ಮಾಡಿ ಮುಗಿಸಿದ್ದರು.

ಎರಡು ನಲವತ್ತು. ಬರೆದೆ:
ಗೇಟು ಹಣೆಗೆ ಬಡಿಯಿತು. ಎಡಗಡೆ. ಊದಿದೆ. ಆಡುತ್ತಿದ್ದಾನೆ.
ಅಗುಳಿ ಸಡಿಲವಿತ್ತು.
ಜೊತೆಗೆ ಒಂದು ಫೋಟೋ. ಕಳಿಸಿದೆ.

ಒಂದೇ ಟಿಕ್ಕು, ಬೂದುಬಣ್ಣದ್ದು.
ಹೊಗೆಗೂಡಿನ ತಗಡು ಕಿರುಗುಟ್ಟುತ್ತಿತ್ತು.
ಆಮೇಲೆ ಎರಡು. ಆಮೇಲೆ ನೀಲಿ.
"ಸರಿ. ಐದಕ್ಕೇ ಬರ್ತೀನಿ."

ಮೂರು ಹತ್ತಕ್ಕೆ ಗೇಟಿನಲ್ಲಿದ್ದಳು.
ರಾತ್ರಿಯಂಗಿಯ ಮೇಲೆ ಕೋಟು, ಕೆನ್ನೆಯಲ್ಲಿ ದಿಂಬಿನ ಗೆರೆ,
ಗಾಳಿ ಅವಳ ಕೂದಲನ್ನೆಲ್ಲ ಕಡಲಿನ ಕಡೆಗೆ ಎಳೆಯುತ್ತಿತ್ತು.
ನಾನು ಬಾಯಿ ತೆರೆಯುವಷ್ಟರಲ್ಲಿ
ಮಗನ ಗಲ್ಲ ಎತ್ತಿ, ಬೆಳಕಿಗೆ ತಿರುಗಿಸಿ,
ಬುಗುಟನ್ನು ಮೂಗಿನ ತುದಿಯಿಂದ ಮುಟ್ಟಿ
"ಹೋಗು, ಆಡು" ಅಂದಳು.
ಆಮೇಲೆ ಅಗುಳಿಯನ್ನು ಅಲ್ಲಾಡಿಸಿ ನೋಡಿದಳು, ಎರಡು ಸಲ.
"ಹಗ್ಗ ಇದೆಯಾ?"

ನಾನು ಗೇಟನ್ನು ಸೊಂಟದಿಂದ ಒತ್ತಿ ಹಿಡಿದೆ, ಅವಳು ಬಿಗಿದಳು.
ಹಗ್ಗದ ತುದಿ ಹಲ್ಲಲ್ಲಿ ಕಚ್ಚಿಕೊಂಡೇ ಏನೋ ಅಂದಳು,
ಅರ್ಧ ಗಾಳಿಗೆ ಹೋಯಿತು. ನನಗೆ ಕೇಳಿಸಿದ್ದು:
"ಮುಂದಿನ ಸಲ ಬರೀಬೇಡ. ಕೂಗು."

ಬಟಾಣಿ ಅಷ್ಟರಲ್ಲಿ ಕರಗಿತ್ತು, ಸೂಪಿಗೆ ಹಾಕಿದೆ.
ತಿರುಗಿ ನೋಡಿದರೆ ಕೋಟು ಬಿಚ್ಚದೆ
ನನ್ನ ಸೋಫಾದ ಮೇಲೆ ಕಾಲು ಮಡಚಿಕೊಂಡಿದ್ದಳು.
"ಐದಕ್ಕೆ ಎಬ್ಬಿಸು" ಅಂದಳು, ಕಣ್ಣು ಮುಚ್ಚಿಯೇ.