ನಾಲ್ಕನೆಯದು

ಮಾರಿಕಣಿವೆಯ ಹಿನ್ನೀರಿನಲ್ಲಿ, ಮೊಣಕಾಲುದ್ದ ನೀರಲ್ಲಿ
ಆರು ಕಬ್ಬಿಣದ ದೋಣಿ ವಾಲಿಕೊಂಡಿದ್ದವು.
ದೋಣಿ ಅಂದರೆ ಹರಿಗೋಲಲ್ಲ, ತೆಪ್ಪವಲ್ಲ;
ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿ
ಫಿರಂಗಿ ದಾಟಿಸುವ ದೋಣಿ.
ಬರ್ಮಾದ ಯಾವುದೋ ಹೊಳೆಗೆಂದು ಮಾಡಿಸಿದ್ದು,
ಇಲ್ಲಿಗೆ ತಾಲೀಮಿಗೆ ಬಂತು, ಅನ್ನುವವರಿದ್ದಾರೆ.
ಜಪಾನಿನವನು ಸೋತ ಸುದ್ದಿ ಬಂದ ದಿನ
ಸಿಪಾಯಿಗಳು ಹಗ್ಗ ಕೂಡ ಬಿಚ್ಚದೆ ಲಾರಿ ಹತ್ತಿದರಂತೆ,
ಒಲೆ ಮೇಲೆ ಬೇಯುತ್ತಿದ್ದ ಬೇಳೆಯನ್ನೂ ಬಿಟ್ಟು.
ಆ ಬೇಳೆ ಉಂಡವರು ನಮ್ಮ ಹಟ್ಟಿಯವರು.
ಉಪ್ಪು ಕಡಿಮೆಯಿತ್ತು ಅಂತ
ನನ್ನಜ್ಜಿ ಕ್ಯಾತಮ್ಮ ಎಂಬತ್ತು ದಾಟಿದ ಮೇಲೂ ಹೇಳುತ್ತಿದ್ದಳು.

ಒಂದೊಂದರ ಮೂತಿಗೂ ಬಿಳಿ ಬಣ್ಣದ ಅಂಕಿ:
1, 2, 3, 5, 6, 7.
ಮೇಕೆ ಬಿಟ್ಟುಕೊಂಡು ಕೂತ ಹುಡುಗಿಗೆ ಅದೇ ಇಸ್ಕೂಲು.
ಯಾರೋ ಕಾಲುವೆ ಮೇಸ್ತ್ರಿ ಓದಿ ಹೇಳಿಕೊಟ್ಟ:
ಒನ್ನು, ಟೂ, ತ್ರೀ. ಆಮೇಲೆ ಫೈವು.
ಹಾಗೆ ಎಣಿಸಿಯೇ ಬದುಕಿದಳು.
ಸಂಜೆ ರೊಪ್ಪಕ್ಕೆ ಕೂಡುವಾಗ
ಅವಳಿಗೂ ತಾತನಿಗೂ ದಿನಾ ಒಂದು ಮರಿಯ ಜಗಳ.
ಹಿರಿಯೂರು ಸಂತೆಯಲ್ಲಿ ಬುಡೇನ್ ಸಾಬ ಆರು ಮರಿ ಕೊಂಡು
ಏಳರ ದುಡ್ಡು ಕೊಡು ಅನ್ನಿಸಿಕೊಂಡ;
ನಕ್ಕು, ಒಂದು ಸೇರು ಮಂಡಕ್ಕಿ ಮೇಲೆ ಹಾಕಿ ಕಳಿಸಿದ.
"ನಾಲ್ಕು ಎಲ್ಲಜ್ಜಿ?" ಅಂದರೆ
"ಅದು ಬಂದಿರ್ಲಿಲ್ಲ ಕಣೋ" ಅನ್ನೋಳು,
ಮದುವೆಗೆ ಬಾರದ ನೆಂಟರ ಬಗ್ಗೆ ಅಂದಂತೆ.

ಕಬ್ಬಿಣ ಸಾಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.
ಅದಕ್ಕೆ ಅವಸರವಿಲ್ಲ.
ಮೊದಲು ಬಣ್ಣ, ಒಣಗಿದ ಗಾಯದ ಹೊಪ್ಪಳೆಯಂತೆ.
ಆಮೇಲೆ ರಿವೆಟ್ಟು. ಗೋಲಿಯಾಡಲು ನಾವೇ ಒಯ್ದೆವು.
ಆಮೇಲೆ ತಗಡು, ಸೀದ ರೊಟ್ಟಿಯ ಹಾಗೆ
ಪದರ ಪದರ ಬಿಡುತ್ತದೆ, ಮುಟ್ಟಿದವರ ಅಂಗೈ ಕೆಮ್ಮಣ್ಣು.
2ರ ನೆತ್ತಿಯ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು.
6ರ ನೆರಳಲ್ಲಿ ನಮ್ಮ ಕರಿ ಮೇಕೆ ಅವಳಿ ಹಾಕಿತು.
ಆ ದೋಣಿ ಕಂಡ ನೆತ್ತರು ಅಷ್ಟೇ.

ಚಳ್ಳಕೆರೆಯ ಗುಜರಿಯವನು ಗ್ಯಾಸ್ ಕಟರ್ ತಂದು
3ನ್ನು ಕೊಯ್ದ, 7ರ ಅರ್ಧ ಕೊಯ್ದ.
ಅವನು ತೂಗುತ್ತಿದ್ದಾಗ ಅಜ್ಜಿ ದಡದಲ್ಲಿ ಕೂತು
ಒನ್ನು, ಟೂ, ಫೈವು…
ದಾರಿ ತಪ್ಪಿದವಳಂತೆ ಮತ್ತೆ ಮೊದಲಿಂದ.

ಅವಳು ಹೋದ ಮೂರನೇ ವರ್ಷ
ಹಟ್ಟಿಯಲ್ಲಿ ಯಾರೂ ಕಂಡಿರದ ಹಾಗೆ
ನೂರಾ ಮೂವತ್ತು ಅಡಿ ತುಂಬಿ ಕಣಿವೆ ಕೋಡಿ ಬಿತ್ತು.
ಕಾರು, ಟೆಂಪೊ, ಮಿರ್ಚಿ ಗಾಡಿ, ಬಾಗಿನದ ಮೊರ.
ಎಲ್ಲರ ಮುಖ ಕೋಡಿಯ ಕಡೆ.
ನಾನು ಹಿನ್ನೀರಿಗೆ ಹೋದೆ.
ಜಾಲಿಯ ತುದಿ ಬಿಟ್ಟರೆ ಏನೂ ಇಲ್ಲ.
ತೇಲಲೆಂದು ಮಾಡಿದ್ದವು;
ಅಷ್ಟು ನೀರು ಕೊನೆಗೂ ಬಂದಾಗ
ಮುಳುಗುವುದಷ್ಟೇ ಗೊತ್ತಿತ್ತು.

ನಿಜಕ್ಕೂ ಯಾವುದೋ ಹೊಳೆಗೆ ಇಳಿದದ್ದು
ಆ ಬಾರದ ಒಂದೇ ಇರಬೇಕು,
ಬೆನ್ನ ಮೇಲೆ ಬೂಟುಗಳ ಸದ್ದು ಹೊತ್ತು.

ಎಣಿಸಿದೆ, ಅವಳ ಲೆಕ್ಕದಲ್ಲೇ.
ತ್ರೀ ಆದ ಮೇಲೆ ಬಾಯಿಗೆ ಬಂದದ್ದನ್ನು
ನುಂಗಿಕೊಂಡು
ಫೈವು ಅಂದೆ.